ಕಾಣೆಯಾದವರ ಕೇಸಿನಲ್ಲಿ ಸಾಮಾನ್ಯ ಜನ ಏನು ಮಾಡಬಹುದು?

ಎರಡು ವರ್ಷದ ಹಿಂದೆ ಕಾಣೆಯಾದ ಒಬ್ಬ ಯುವಕನ ಕೇಸನ್ನು ಮೊದಲಿನಿಂದ ಓದುತ್ತಾ ಬಂದಿದ್ದೀರಿ, ಪೊಲೀಸರಿಂದ ಹೊಸ ಸುದ್ದಿ ಇಲ್ಲ, ನೀವೇ ಹುಡುಕಬೇಕು ಅನ್ನಿಸುತ್ತಿದೆ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾನು ಪೊಲೀಸ್ ಅಲ್ಲ. ಆದರೆ ಕೆಲವು ವರ್ಷಗಳಿಂದ ಕೆಲಸ ಮುಗಿದ ಮೇಲೆ ಇಂಥ ಹಳೆಯ ಕೇಸುಗಳ ಹಿಂದೆ ಕೂರುತ್ತೇನೆ. ಹಾಗಾಗಿ ಗೊತ್ತಿರುವುದನ್ನು ಹೇಳುತ್ತೇನೆ.

ಖಂಡಿತ ಹುಡುಕಿ. ಆದರೆ ಆ ಹುಡುಗನನ್ನು ಹುಡುಕಿ, ಅಪರಾಧಿಯನ್ನು ಹುಡುಕಲು ಹೋಗಬೇಡಿ. ನಮ್ಮಂಥವರಿಂದ ನಿಜವಾದ ಉಪಕಾರ ಆಗಿರುವ ಕೇಸುಗಳಲ್ಲೆಲ್ಲ ಯಾರೋ ಒಬ್ಬರು ತಾಳ್ಮೆಯಿಂದ ಕೂತು ಕಾಗದ, ಫೋಟೋ, ನಕ್ಷೆ ಹೋಲಿಸಿದ್ದಾರೆ. ಅನಾಹುತ ಆಗಿರುವ ಕಡೆಯಲ್ಲೆಲ್ಲ ಯಾರೋ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸಿದ್ದಾರೆ.

2013ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್ ಓಟದಲ್ಲಿ ಬಾಂಬ್ ಸ್ಫೋಟ ಆದಾಗ ಏನಾಯಿತು ನೋಡಿ. ಆಗ ಒಬ್ಬ ವಿದ್ಯಾರ್ಥಿ ಕಾಣೆಯಾಗಿದ್ದ, ಮನೆಯವರು ಅವನಿಗಾಗಿ ಹುಡುಕುತ್ತಿದ್ದರು. ಅವನ ಮುಖ ಶಂಕಿತನ ಫೋಟೋಗೆ ಹೋಲುತ್ತದೆ ಅಂತ ಇಂಟರ್ನೆಟ್‌ನಲ್ಲಿ ಜನ ಅವನನ್ನೇ ಬಾಂಬ್ ಇಟ್ಟವನನ್ನಾಗಿ ಮಾಡಿಬಿಟ್ಟರು. ಮಗ ಸಿಗಲಿ ಅಂತ ಕಾಯುತ್ತಿದ್ದ ಮನೆಯವರಿಗೆ ಬೈಗುಳ, ಬೆದರಿಕೆ. ಕೊನೆಗೆ ಹುಡುಗನ ಶವ ನದಿಯಲ್ಲಿ ಸಿಕ್ಕಿತು. ಅವನಿಗೂ ಸ್ಫೋಟಕ್ಕೂ ಸಂಬಂಧವೇ ಇರಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಕಿವುಚುತ್ತದೆ.

ಈಗ ಕೆಲಸಕ್ಕೆ ಬರೋಣ. ಒಂದು ದೊಡ್ಡ ಹಾಳೆ ತಗೊಂಡು ಅವನು ಕಾಣೆಯಾದ ದಿನವನ್ನು ಗಂಟೆಗಂಟೆಯಾಗಿ ಬರೆಯಿರಿ. ಪ್ರತಿ ಸಾಲಿನ ಪಕ್ಕದಲ್ಲೂ ‘ಇದನ್ನು ಹೇಳಿದ್ದು ಯಾರು, ಯಾವಾಗ’ ಅಂತ ಬರೆಯಲೇಬೇಕು. ಇದು ಬೇಜಾರಿನ ಕೆಲಸ, ಆದರೆ ಎಲ್ಲ ಇರುವುದು ಇಲ್ಲೇ. ಒಂದು ಕೇಸಿನಲ್ಲಿ ಎಲ್ಲ ಸುದ್ದಿಗಳೂ ‘ರಾತ್ರಿ ಒಂಬತ್ತಕ್ಕೆ ಬಸ್ ನಿಲ್ದಾಣದಲ್ಲಿ ಕೊನೆಯದಾಗಿ ಕಂಡರು’ ಅಂತಲೇ ಬರೆದಿದ್ದವು. ನಾನು ತಾರೀಖಿನ ಪ್ರಕಾರ ಅವನ್ನು ಜೋಡಿಸಿ ಹಿಂದಕ್ಕೆ ಹೋದೆ. ಪ್ರತಿಯೊಂದೂ ಅದರ ಹಿಂದಿನ ಸುದ್ದಿಯನ್ನೇ ನಕಲು ಮಾಡಿತ್ತು. ಎಲ್ಲದರ ಬುಡದಲ್ಲಿದ್ದದ್ದು ಒಬ್ಬ ಅಂಗಡಿಯವರ ಮಾತು: ‘ಅವರ ಥರಾನೇ ಇದ್ರು ಅನ್ಸುತ್ತೆ.’ ಅಷ್ಟೇ! ಪೊಲೀಸರು ಮೊದಲ ದಿನ ಹೊರಡಿಸಿದ್ದ ಪ್ರಕಟಣೆಯಲ್ಲಿ ಬಸ್ ನಿಲ್ದಾಣದ ಸುದ್ದಿಯೇ ಇರಲಿಲ್ಲ. ಖಾತ್ರಿಯಾಗಿ ಕಂಡಿದ್ದು ಸಂಜೆ, ಊರಿನ ಇನ್ನೊಂದು ತುದಿಯಲ್ಲಿ. ಜನ ವರ್ಷಗಟ್ಟಲೆ ತಪ್ಪು ಜಾಗದ ಸುತ್ತ ಚರ್ಚೆ ಮಾಡಿದ್ದರು.

ಹಾಗಾಗಿ ‘ಕಂಡೆ ಅಂದರು’ ಬೇರೆ, ‘ಕಂಡಿದ್ದು ಖಾತ್ರಿ’ ಬೇರೆ. ಎರಡಕ್ಕೂ ಬೇರೆ ಬೇರೆ ಬಣ್ಣದ ಪೆನ್ ಇಟ್ಟುಕೊಳ್ಳಿ.

ಖಾತ್ರಿ ಅನ್ನಿಸುವುದನ್ನೂ ಒಮ್ಮೆ ತಟ್ಟಿ ನೋಡಬೇಕು. ಸಿಸಿಟಿವಿಯಲ್ಲಿ ಕಾಣುವ ಸಮಯ ಸರಿ ಇರಲೇಬೇಕು ಅಂತೇನಿಲ್ಲ, ಎಷ್ಟೋ ಕ್ಯಾಮೆರಾಗಳ ಗಡಿಯಾರ ಮುಂದೋ ಹಿಂದೋ ಇರುತ್ತದೆ. ಫೋನಿನ ‘ಕೊನೆಯ ಟವರ್’ ಅಂದರೆ ಆ ಮನುಷ್ಯ ಆ ಟವರಿನ ಕೆಳಗೆ ನಿಂತಿದ್ದ ಅಂತಲ್ಲ, ಒಂದು ಟವರ್ ಹಲವು ಕಿಲೋಮೀಟರ್ ದೂರದವರೆಗೂ ಹಿಡಿಯಬಹುದು. ಫೋನ್ ಆಫ್ ಆಯಿತು ಅಂದ ತಕ್ಷಣ ಯಾರೋ ಆಫ್ ಮಾಡಿದರು ಅಂತಲೂ ಅಲ್ಲ. ಬ್ಯಾಟರಿ ಮುಗಿದಿರಬಹುದು, ನೀರಿಗೆ ಬಿದ್ದಿರಬಹುದು.

ನೀರು ಅಂದಾಗ ನೆನಪಾಯಿತು. ಗಾಡಿ ಸಮೇತ ಕಾಣೆಯಾದವರ ಕೇಸಾದರೆ ಅವರು ಹೋಗಬಹುದಾಗಿದ್ದ ದಾರಿಯ ಪಕ್ಕದ ಕೆರೆ, ಕಾಲುವೆಗಳನ್ನು ನಕ್ಷೆಯಲ್ಲಿ ಮೊದಲು ಗುರುತು ಮಾಡಿ. ಫ್ಲಾರಿಡಾದಲ್ಲಿ 1997ರಲ್ಲಿ ಕಾಣೆಯಾದ ಒಬ್ಬರು 2019ರಲ್ಲಿ ಸಿಕ್ಕಿದ್ದು ಹಾಗೆ. ಆ ಬಡಾವಣೆಯಲ್ಲಿ ಹಿಂದೆ ಇದ್ದವರೊಬ್ಬರು ಸುಮ್ನೆ ಗೂಗಲ್ ಅರ್ಥ್ ನೋಡುತ್ತಿದ್ದಾಗ ಕೊಳದಲ್ಲಿ ಕಾರಿನ ಆಕಾರ ಕಂಡಿತು. ಅಲ್ಲಿನ ನಿವಾಸಿ ಡ್ರೋನ್‌ನಿಂದ ನೋಡಿ ಪೊಲೀಸರಿಗೆ ಹೇಳಿದರು. ಕಾರಿನೊಳಗೆ ಅವರ ಅವಶೇಷ ಇತ್ತು. ಉಪಗ್ರಹ ಚಿತ್ರದಲ್ಲಿ ಆ ಕಾರು ವರ್ಷಗಳಿಂದ ಕಾಣುತ್ತಲೇ ಇತ್ತು.

ಇನ್ನೊಂದು ದಾರಿ, ಗುರುತು ಸಿಗದ ಶವಗಳ ಪಟ್ಟಿ. ಮನಸ್ಸಿಗೆ ಕಷ್ಟ, ಆದರೆ ಬಿಡಬೇಡಿ. 1968ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ದಪ್ಪ ಕ್ಯಾನ್ವಾಸಿನಲ್ಲಿ ಸುತ್ತಿದ್ದ ಒಂದು ಹೆಣ್ಣಿನ ಶವ ಸಿಕ್ಕಿತ್ತು. ‘ಟೆಂಟ್ ಗರ್ಲ್’ ಅಂತಲೇ ಜನ ಕರೆದರು. ಟಾಡ್ ಮ್ಯಾಥ್ಯೂಸ್ ಅನ್ನುವವರ ಹೆಂಡತಿಯ ಅಪ್ಪನೇ ಆ ಶವವನ್ನು ಮೊದಲು ಕಂಡವರು. ಟಾಡ್ ಕಾರ್ಖಾನೆಯ ಕೆಲಸಗಾರ. ಆ ಕಥೆ ಕೇಳಿದ ಮೇಲೆ ಅವರು ವರ್ಷಾನುಗಟ್ಟಲೆ ಹುಡುಕಿದರು. 1998ರಲ್ಲಿ, ಕಾಣೆಯಾದ ಅಕ್ಕನನ್ನು ಹುಡುಕುತ್ತಾ ತಂಗಿಯೊಬ್ಬರು ಹಾಕಿದ್ದ ಬರಹ ಅವರ ಕಣ್ಣಿಗೆ ಬಿತ್ತು. ಡಿಎನ್‌ಎ ತಾಳೆಯಾಯಿತು. ಶವದ ವಯಸ್ಸು 16ರಿಂದ 19 ಅಂತ ಅಂದಾಜು ಮಾಡಿದ್ದರು. ನಿಜವಾಗಿ ಆಕೆಗೆ 24, ಮಕ್ಕಳ ತಾಯಿ. ವಯಸ್ಸನ್ನೇ ನಂಬಿ ಹುಡುಕಿದ್ದರೆ ಆಕೆ ಪಟ್ಟಿಯಿಂದಲೇ ಬಿಟ್ಟುಹೋಗುತ್ತಿದ್ದರು, ಅಲ್ವಾ? ಅದಕ್ಕೇ ವಯಸ್ಸು, ಎತ್ತರಕ್ಕೆ ಸ್ವಲ್ಪ ಸಡಿಲ ಕೊಡಿ. ಹಲ್ಲು, ಹಳೆಯ ಮೂಳೆ ಮುರಿತ, ಹಚ್ಚೆ, ಆಪರೇಷನ್ ಗುರುತುಗಳಿಗೆ ಜಾಸ್ತಿ ಬೆಲೆ ಕೊಡಿ. ಮೂಳೆಗೆ ಹಾಕಿದ ಪ್ಲೇಟಿನ ಮೇಲೆ ಕೆಲವೊಮ್ಮೆ ನಂಬರ್ ಕೂಡ ಇರುತ್ತದೆ.

ಮನೆಯವರ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಅವರನ್ನು ನೇರವಾಗಿ ಕೇಳದೆ ಏನನ್ನೂ ಎಲ್ಲೂ ಹಾಕಬೇಡಿ. ‘ಒಂದು ಶವ ಹೋಲುತ್ತಿದೆ’ ಅಂತ ತಾಯಿಗೆ ಮೆಸೇಜ್ ಮಾಡಲೇಬೇಡಿ. ಅದು ತಾಳೆಯಾಗುತ್ತದೋ ಇಲ್ಲವೋ ಅಂತ ನೋಡುವ ಅಧಿಕಾರ, ಸಾಧನ ಎರಡೂ ಪೊಲೀಸರ ಹತ್ತಿರ ಇದೆ. ಮನೆಯವರು ಬೇಡ ಅಂದರೆ ಬಿಟ್ಟುಬಿಡಿ. ಸಿಕ್ಕಿದ್ದೇನಿದ್ದರೂ ಪೊಲೀಸರಿಗೆ ಕಳಿಸಿ, ಮುಂದಕ್ಕೆ ಅಗೆಯಬೇಡಿ. ಕಾಣೆಯಾದವರ ಮನೆಗೆ ಫೋನ್ ಮಾಡಿ, ‘ಗೊತ್ತು, ದುಡ್ಡು ಕೊಟ್ಟರೆ ಹೇಳ್ತೀನಿ’ ಅನ್ನುವ ಮೋಸಗಾರರು ಬೇಕಾದಷ್ಟಿದ್ದಾರೆ. ಅವರ ನಡುವೆ ನೀವೂ ಒಬ್ಬ ಅಪರಿಚಿತರೇ.

ಅವನು ಬದುಕಿದ್ದರೆ? ಇದನ್ನು ಯಾರೂ ಯೋಚಿಸುವುದಿಲ್ಲ. ವಯಸ್ಕರು ತಾವಾಗಿಯೇ ಮನೆ ಬಿಟ್ಟು ಹೋಗಿರಬಹುದು. ಹೊಡೆತ, ಬೆದರಿಕೆ ತಪ್ಪಿಸಿಕೊಂಡು ಹೋಗಿರಬಹುದು. ಬೇರೆ ಎಲ್ಲೋ ಅವನ ಹೊಸ ಖಾತೆ, ಹೊಸ ಫೋಟೋ ಕಂಡರೆ ವಿಳಾಸವನ್ನು ಮನೆಯವರಿಗೂ ಹೇಳಬೇಡಿ, ಎಷ್ಟೇ ಅತ್ತರೂ. ತನಿಖಾಧಿಕಾರಿಗೆ ಮಾತ್ರ ತಿಳಿಸಿ. ಅವರು ಹೋಗಿ ನೋಡಿ, ‘ಕ್ಷೇಮವಾಗಿದ್ದಾರೆ’ ಅಂತಷ್ಟೇ ಮನೆಗೆ ಹೇಳಬಹುದು. ಉಳಿದದ್ದು ಅವನ ಇಷ್ಟ.

ತನಿಖಾಧಿಕಾರಿಗೆ ಬರೆಯುವಾಗ ಒಂದೇ ಪುಟ ಸಾಕು. ಮೇಲೆ ಕೇಸಿನ ನಂಬರ್, ಕೆಳಗೆ ನಿಮಗೆ ಕಂಡ ಒಂದೇ ವಿಷಯ, ಅದು ಸಿಕ್ಕ ಜಾಗದ ಲಿಂಕ್, ನೀವು ನೋಡಿದ ತಾರೀಖು, ಸ್ಕ್ರೀನ್‌ಶಾಟ್. ‘ಹೀಗಾಗಿರಬಹುದು’ ಅನ್ನುವ ಕಥೆ ಬೇಡ. ಕಥೆ ಕಳಿಸುವವರು ಅವರಿಗೆ ಬೇಕಾದಷ್ಟು ಇದ್ದಾರೆ. ಉತ್ತರ ಬರದಿದ್ದರೆ ಕೆಲವು ವಾರ ಬಿಟ್ಟು ಅದನ್ನೇ ಮತ್ತೆ ಕಳಿಸಿ, ಜೊತೆಗೆ ಕಾಣೆಯಾದವರ ವಿಭಾಗಕ್ಕೂ ಒಂದು ಪ್ರತಿ ಹಾಕಿ.