ಕೂಲರ್ ಎತ್ತಿದ್ರಾ? ಹಾಗಾದ್ರೆ ಆ ಪೇಸ್ಟ್ ಕಥೆ ಮುಗೀತು

"ಧೂಳು ತೆಗೆಯೋಕೆ ಕಂಪ್ಯೂಟರಿನ ಪ್ರೊಸೆಸರ್ ಮೇಲಿನ ಕೂಲರ್ ಬಿಚ್ಚಿದೆ, ಥರ್ಮಲ್ ಪೇಸ್ಟ್ ಇನ್ನೂ ಮೆತ್ತಗಿತ್ತು, ಹಾಗೇ ಕೂರಿಸಿದೆ. ಈಗ ಗೇಮ್ ಹಾಕಿದ್ರೆ 92 ಡಿಗ್ರಿ. ಫ್ಯಾನ್ ಹೋಯ್ತಾ?" ಅಂತ ಕೇಳಿದ್ದೀರಿ. ಫ್ಯಾನಿಗೆ ಎಂತದೂ ಆಗಿಲ್ಲ ಮಾರಾಯ್ರೆ. ಸುಮ್ನೆ ಹೊಸದು ತರಿಸಬೇಡಿ.

ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸೋದು ನಡುವಿನ ಈ ಪೇಸ್ಟ್. ಕೂಲರ್ ಎತ್ತುವಾಗ ಅದು ಅರ್ಧ ಮೇಲೆ, ಅರ್ಧ ಕೆಳಗೆ ಹರಿದು ಏರುತಗ್ಗು ಆಗಿರುತ್ತದೆ. ಮತ್ತೆ ಒತ್ತಿದರೆ ಆ ತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಬಿಸಿ ಸರಿಯಾಗಿ ದಾಟುವುದಿಲ್ಲ. ಸರಿಯಾಗಿ ಹರಡಿದೆಯಾ ಅಂತ ಎತ್ತಿ ನೋಡುವವರಿಗೂ ಇದೇ ಮಾತು. ನೋಡಿದ್ರಾ, ಒರೆಸಿ, ಮತ್ತೆ ಹಾಕಿ.

ಈಗ ಇನ್ನೊಮ್ಮೆ ಬಿಚ್ಚಲೇಬೇಕು. ನಿಮ್ಮದು ಎಎಂ4 ಬೋರ್ಡ್ (ಎಎಂಡಿ ಪ್ರೊಸೆಸರ್ ಕೂರುವಂಥದ್ದು, ಪಿನ್ನುಗಳು ಪ್ರೊಸೆಸರಿನ ಅಡಿಗೇ ಇರುತ್ತವೆ) ಅಂದಿರಿ, ಅದಕ್ಕೇ ಹೆದರಿಕೆ. 2021ರ ಮಳೆಗಾಲದಲ್ಲಿ ನಾನು ಸಾಗರದ ಅಂಗಡಿಯಲ್ಲಿ ಬೆಳಿಗ್ಗೆ ಎದ್ದವನೇ, ಸಿಸ್ಟಮ್ ಆನ್ ಕೂಡ ಮಾಡದೆ, ರೈಝನ್ 5 3600 ಪ್ರೊಸೆಸರಿನ ಜೊತೆ ಬಂದಿದ್ದ ಕೂಲರಿನ ನಾಲ್ಕು ಸ್ಕ್ರೂ ಬಿಚ್ಚಿ ನೆಟ್ಟಗೆ ಮೇಲಕ್ಕೆ ಎಳೆದೆ. ಟಪ್ ಅಂತು. ತಿರುಗಿಸಿ ನೋಡಿದರೆ ಕೂಲರಿನ ಅಡಿಗೆ ಪ್ರೊಸೆಸರ್ ನೇತಾಡುತ್ತಿದೆ! ಪ್ರೊಸೆಸರನ್ನು ಹಿಡಿದಿಡುವ ಸಾಕೆಟ್ಟಿನ ಲಿವರ್ ಹಾಕಿದ್ದು ಹಾಕಿದ ಹಾಗೇ ಇದೆ. 1331 ಪಿನ್ನುಗಳಲ್ಲಿ ಮೂರು ಮಲಗಿದ್ದವು. ಅವತ್ತು ಸಂಜೆ ಒಂದು ಮದುವೆ ಆಲ್ಬಮ್ ಕೊಡುವುದಿತ್ತು. ಹೇರ್ ಡ್ರೈಯರಿನಲ್ಲಿ ಬಿಸಿ ಮಾಡಿ, ಪ್ರೊಸೆಸರನ್ನು ಪಕ್ಕಕ್ಕೆ ತಿರುಗಿಸಿ ಬಿಡಿಸಿದೆ. ಮಗಳ ಪೆನ್ ಪೆನ್ಸಿಲಿನ ಕಡ್ಡಿ ತೆಗೆದು, ಅದರ ತೂತಿಗೆ ಒಂದೊಂದೇ ಪಿನ್ ತೂರಿಸಿ ನೆಟ್ಟಗೆ ಮಾಡುವಷ್ಟರಲ್ಲಿ ಮಧ್ಯಾಹ್ನ. ಪುಣ್ಯಕ್ಕೆ ಯಾವುದೂ ಮುರಿಯಲಿಲ್ಲ.

ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯನ್ನು ಬಚ್ಚಲ ಒಲೆ ಹತ್ತಿರ ಇಡ್ತೀವಲ್ವಾ, ಅದೇ ಲೆಕ್ಕ. ಮೊದಲು ಹತ್ತು ಹದಿನೈದು ನಿಮಿಷ ಗೇಮ್ ಓಡಿಸಿ ಪೇಸ್ಟ್ ಬಿಸಿಯಾಗಲಿ. ಆಫ್ ಮಾಡಿ, ಗೋಡೆಯ ಪ್ಲಗ್ ಕಿತ್ತು, ಕೂಡಲೇ ಬಿಚ್ಚಿ. ಕೂಲರನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ತಿರುಗಿಸಿ, ಸಡಿಲ ಆಯಿತು ಅಂತ ಕೈಗೆ ಗೊತ್ತಾದ ಮೇಲೆ ಮಾತ್ರ ಎತ್ತಿ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ನಿಮ್ಮ ಹಣೆಬರಹ. ಆದರೂ ಪ್ರೊಸೆಸರ್ ಎದ್ದು ಬಂದರೆ, ಲಿವರ್ ಎತ್ತದೆ ವಾಪಸ್ ಒತ್ತಬೇಡಿ. ಪ್ರೊಸೆಸರಿನ ಮೂಲೆಯ ತ್ರಿಕೋನದ ಗುರುತನ್ನು ಸಾಕೆಟ್ಟಿನದಕ್ಕೆ ಹೊಂದಿಸಿ ಬಿಟ್ಟರೆ ತಾನಾಗೇ ಕೂರಬೇಕು.

ಒರೆಸೋಕೆ ಐಸೊಪ್ರೊಪೈಲ್ ಆಲ್ಕೊಹಾಲ್, 99 ಪರ್ಸೆಂಟಿನದು. ಸ್ಯಾನಿಟೈಸರ್ ಬೇಡವೇ ಬೇಡ, ಅದರ ಗ್ಲಿಸರಿನ್ ಅಲ್ಲೇ ಅಂಟಿಕೊಳ್ಳುತ್ತದೆ. ಹತ್ತಿ ಉಂಡೆಯಲ್ಲಿ ಒರೆಸಿದರೆ ಎಳೆ ಉಳಿಯುತ್ತದೆ. ನಾನು ಒಗೆದು ಒಗೆದು ಸವೆದ ಪಂಚೆ ಚೂರು ಬಳಸುವುದು. ಎರಡೂ ಕಡೆ ಕನ್ನಡಿ ಥರ ಆಗಲಿ, ಆಮೇಲೆ ಬೆರಳು ತಾಗಿಸಬೇಡಿ.

ಪೇಸ್ಟ್ ನಡುವೆ ತೊಗರಿಕಾಳಿನಷ್ಟು ಸಾಕು. ದೋಸೆ ಹುಯ್ದ ಹಾಗೆ ಹರಡಬೇಕಿಲ್ಲ, ಕೂಲರ್ ಒತ್ತಡಕ್ಕೆ ಅದೇ ಹರಡುತ್ತದೆ. ಮಾಮೂಲಿ ಪೇಸ್ಟ್ ಸ್ವಲ್ಪ ಜಾಸ್ತಿ ಆದರೆ ಗಲೀಜು ಅಷ್ಟೇ, ಕಮ್ಮಿ ಆದರೆ ಮತ್ತೆ ಇಲ್ಲೇ ಬಂದು ಕೇಳ್ತೀರಿ. ಸ್ಕ್ರೂಗಳನ್ನು ಎದುರುಬದುರು, ಎರಡೆರಡು ಸುತ್ತು ಬಿಗಿ ಮಾಡಿ. ಒಂದನ್ನೇ ಪೂರ್ತಿ ಬಿಗಿದರೆ ಕೂಲರ್ ವಾಲುತ್ತದೆ. ಇಂಟೆಲ್‌ನ ಒತ್ತುವ ಕಾಲಿನ ಕೂಲರ್ ಇರುವವರು ಬೋರ್ಡಿನ ಹಿಂದೆ ನಾಲ್ಕೂ ಕಾಲು ಪೂರ್ತಿ ಹೊರಬಂದಿವೆಯಾ ನೋಡಿ.

ಬ್ರಾಂಡ್ ಜಗಳ ಶುರು ಮಾಡಬೇಡಿ. ಆರ್ಕ್ಟಿಕ್ ಎಂಎಕ್ಸ್-4 ಇದ್ದರೆ ಧಾರಾಳ ಆಯ್ತು. ನೊಕ್ಟುವಾ ಎನ್‌ಟಿ-ಎಚ್1 ಕೂಡ ಒಳ್ಳೇದೇ. 65 ವಾಟಿನ ಪ್ರೊಸೆಸರಿಗೆ ಕ್ರಯೋನಾಟ್ ಥರದ ದುಬಾರಿ ಪೇಸ್ಟ್ ತರಿಸುವುದು ಗದ್ದೆ ಬದುವಿಗೆ ಗ್ರಾನೈಟ್ ಹಾಸಿದ ಹಾಗೆ. ಇನ್ನೊಬ್ಬರು ನಿಮಗೆ ಪೇಸ್ಟ್ ಬದಲು ಲಿಕ್ವಿಡ್ ಮೆಟಲ್ (ದ್ರವ ಲೋಹ) ಹಾಕಿ ಅಂದಿದ್ದಾರೆ. ದಯವಿಟ್ಟು ಇಂಥ ಸಲಹೆ ಕೊಡಬೇಡಿ. ಅದರಲ್ಲಿ ಕರೆಂಟ್ ಹರಿಯುತ್ತದೆ, ಅದರ ಗ್ಯಾಲಿಯಂ ಅಲ್ಯುಮಿನಿಯಂ ತಳವನ್ನು ತಿಂದುಹಾಕುತ್ತದೆ.

ನನ್ನದು ಅವತ್ತು ಬಿಚ್ಚುವ ಮೊದಲು 95 ಡಿಗ್ರಿ ಮುಟ್ಟಿ ನಿಧಾನ ಆಗುತ್ತಿತ್ತು, ಈಗ ಆಲ್ಬಮ್ ರೆಂಡರ್ ಹಾಕಿದರೂ 79-80.

ಬಿಚ್ಚಿದಾಗಲೇ ಕೂಲರಿನ ಹಲ್ಲುಗಳ ನಡುವಿನ ಧೂಳನ್ನೂ ಬ್ರಷ್ ಹಾಕಿ ತೆಗೆಯಿರಿ. ಅಡಿಕೆ ಸುಲಿಯುವ ಮನೆಯಲ್ಲಿ ಅದು ಕಂಬಳಿ ಥರ ಕೂತಿರುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದ ಹಾಗೆ ಬೆರಳು ಇಡಿ. ಮಳೆಗಾಲದಲ್ಲಿ ಸಿಸ್ಟಮ್ ವಾರಗಟ್ಟಲೆ ಮುಚ್ಚಿಡಬೇಡಿ, ದಿನಕ್ಕೆ ಅರ್ಧ ಗಂಟೆ ಆದರೂ ಓಡಿಸಿ. ನಮ್ಮಲ್ಲಿ ಹಾಗೇ ಬಿಟ್ಟ ಒಂದು ಕ್ಯಾಬಿನೆಟ್ಟಿನಲ್ಲಿ ಇರುವೆ ಮೊಟ್ಟೆ ಇಟ್ಟಿತ್ತು.