ಫೋಮ್ ಬಿಡಿ, ಮೊದಲು ಬಾಗಿಲು ನೋಡಿ

ಸರ್, ನಿಮ್ಮ ಫೋಟೋ ನೋಡಿ ಸುಮ್ನೆ ಇರೋಕೆ ಆಗಲಿಲ್ಲ. ಬೆಂಗಳೂರಿನ ಬನಶಂಕರಿಯಲ್ಲಿ ಮೊದಲ ಮಹಡಿಯ ಸಂಗೀತದ ರೂಮು, ಸದ್ದು ಹೊರಗೆ ಹೋಗದಿರಲಿ ಅಂತ ಮೂರು ಗೋಡೆಗೆ ಪಿರಮಿಡ್ ಫೋಮ್ (ಉಬ್ಬುತಗ್ಗಿನ ಸ್ಪಂಜ್ ಶೀಟು) ಅಂಟಿಸಿದ್ದೀರಿ. ಆದರೂ ಪಕ್ಕದ ಮನೆಗೆ ತಬಲಾ, ಬೇಸ್ ಎರಡೂ ಕೇಳುತ್ತಿದೆ. ಈಗ ಸೀಲಿಂಗಿಗೂ ಫೋಮ್, ನಾಲ್ಕನೇ ಗೋಡೆಗೆ ಮೊಟ್ಟೆ ಟ್ರೇ ಹಾಕ್ತೀನಿ ಅಂದಿದ್ದೀರಿ. ದಯವಿಟ್ಟು ನಿಲ್ಲಿಸಿ. ಇನ್ನೊಂದು ಶೀಟೂ ತರಬೇಡಿ. ಎಂಟು ವರ್ಷದ ಹಿಂದೆ ನಾನು ಮಾಡಿದ್ದೂ ಇದೇ.

ನಮ್ಮದು ಸುಗಮ ಸಂಗೀತದ ತಂಡ. ತಬಲಾ, ರಿದಂ ಪ್ಯಾಡ್, ಕೀಬೋರ್ಡ್, ಕೊಳಲು, ಇಬ್ಬರು ಹಾಡುವವರು. ಹನುಮಂತನಗರದ 30x40 ಸೈಟು, ಪಕ್ಕದ ಮನೆಗೂ ನಮಗೂ ನಡುವೆ ಎರಡು ಅಡಿ ಸಂದಿ. 14 ಸಾವಿರ ಕೊಟ್ಟು ಇಡೀ ರೂಮಿಗೆ ಫೋಮ್ ಹಾಕಿಸಿದೆ. ಒಳಗೆ ಚಪ್ಪಾಳೆ ತಟ್ಟಿದರೆ ಮೊದಲಿನ ಗುಂಯ್ ಅನ್ನೋ ಸದ್ದಿಲ್ಲ. ಕೆಲಸ ಆಯ್ತು ಅಂದುಕೊಂಡೆ. ಭಾನುವಾರ ಪ್ರಾಕ್ಟೀಸ್ ಶುರುವಾಗಿ ಅರ್ಧ ಗಂಟೆ ಆಗಿರಲಿಲ್ಲ, ಪಕ್ಕದ ಮನೆ ಅಜ್ಜಿ ಕಾಂಪೌಂಡ್ ಹತ್ತಿರ ಬಂದು, "ಸದ್ದು ಬರದ ಹಾಗೆ ಮಾಡಿಸ್ತೀನಿ ಅಂದಿದ್ಯಲ್ಲಪ್ಪಾ, ಯಾವಾಗ ಮಾಡಿಸ್ತೀಯ?" ಅಂತ ಕೇಳಿದರು. ಮಾಡಿಸಿ ಆಗಿತ್ತು. ಅವರಿಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಫೋಮ್ ಇರುವುದು ಒಳಗಿನ ಪ್ರತಿಧ್ವನಿ ಕಡಿಮೆ ಮಾಡುವುದಕ್ಕೆ. ಹೊರಗೆ ಹೋಗುವ ಸದ್ದು ನಿಲ್ಲಬೇಕಾದರೆ ತೂಕ ಬೇಕು, ಸಂದು ಮುಚ್ಚಬೇಕು. ಫೋಮ್‌ಗೆ ತೂಕವೂ ಇಲ್ಲ, ಅದರ ಮೂಲಕ ಗಾಳಿಯೂ ಆಡುತ್ತದೆ. ಮೊಟ್ಟೆ ಟ್ರೇ ಅಂತೂ ಬರೀ ದಂಡ. ಜೊತೆಗೆ ಇನ್ನೊಂದು ವಿಷಯ ಕಟುವಾಗಿಯೇ ಹೇಳುತ್ತೇನೆ: ಸಾದಾ ಪಿಯು (ಪಾಲಿಯುರೆಥೇನ್) ಫೋಮ್‌ಗೆ ಬೆಂಕಿ ತಗುಲಿದರೆ ಕ್ಷಣದಲ್ಲಿ ಹಬ್ಬುತ್ತದೆ, ಹೊಗೆಯೇ ವಿಷ. ಮಕ್ಕಳು ಬಂದು ಕಲಿಯುವ ರೂಮು ಅಂತೀರಿ. ಸೀಲಿಂಗ್ ವೈರಿಂಗ್ ಪಕ್ಕ ಅದನ್ನು ಅಂಟಿಸೋದು ತಪ್ಪು ಸರ್.

ನಿಮ್ಮ ಫೋಟೋದಲ್ಲಿ ಗೋಡೆಗಿಂತ ಮೊದಲು ನನಗೆ ಕಂಡಿದ್ದು ಬಾಗಿಲ ಕೆಳಗಿನ ಸಂದು. ಅರ್ಧ ಇಂಚು ಇರಬೇಕು. ಮೂರಡಿ ಬಾಗಿಲಿಗೆ ಅರ್ಧ ಇಂಚು ಅಂದರೆ 18 ಚದರ ಇಂಚು. ಬಾಗಿಲಿನ ಮಧ್ಯೆ ಪೋಸ್ಟ್ ಕಾರ್ಡ್‌ನಷ್ಟು ತೂತು ಕೊರೆದ ಹಾಗೆ. ಅದು ಇರುವವರೆಗೆ ಎಷ್ಟೇ ಭಾರದ ಬಾಗಿಲು ಹಾಕಿದರೂ 22 ಡೆಸಿಬಲ್ ಆಸುಪಾಸಿನಲ್ಲೇ ತಡೆ ನಿಂತುಬಿಡುತ್ತದೆ.

ರಾತ್ರಿ ರೂಮಿನೊಳಗೆ ಟ್ಯೂಬ್‌ಲೈಟ್ ಹಾಕಿ, ಹೊರಗೆ ಕತ್ತಲೆ ಮಾಡಿ ನೋಡಿ. ಬೆಳಕು ಎಲ್ಲಿ ಸೋರುತ್ತದೋ ಅಲ್ಲೆಲ್ಲ ಸದ್ದೂ ಸೋರುತ್ತದೆ. ಆಮೇಲೆ ಹಾಲ್‌ನಲ್ಲಿ ಫ್ಯಾನ್ ಓಡಲಿ, ಒಳಗಿನಿಂದ ಊದುಬತ್ತಿ ಹಿಡಿದು ಚೌಕಟ್ಟಿನ ಸುತ್ತ ನಿಧಾನವಾಗಿ ಸುತ್ತಿಸಿ. ಹೊಗೆ ಅಲುಗಾಡಿದ ಕಡೆ ಚಾಕ್‌ಪೀಸ್ ಗುರುತು ಹಾಕಿ. ಸ್ವಿಚ್ ಬೋರ್ಡ್ ಬಿಡಬೇಡಿ. ಗೋಡೆಯ ಎರಡೂ ಕಡೆ ಬೋರ್ಡ್ ಬೆನ್ನಿಗೆ ಬೆನ್ನು ಇದ್ದರೆ ನಡುವೆ ಇರುವುದು ಬರೀ ಟೊಳ್ಳು.

ನಾನು ಮಾಡಿದ್ದು ಹೀಗೆ. ನಮ್ಮ ಬಾಗಿಲು ಘನ ಬ್ಲಾಕ್‌ಬೋರ್ಡಿನದು (ಒಳಗೆ ಮರದ ಪಟ್ಟಿ ತುಂಬಿದ ಹಲಗೆ), ಅದರ ಒಳಬದಿಗೆ 18 ಎಂಎಂ ಪ್ಲೈವುಡ್ ಸ್ಕ್ರೂ ಹೊಡೆಸಿದೆ. ಇದರಿಂದ 25 ಕೆಜಿ ಹತ್ತಿರ ತೂಕ ಏರುತ್ತದೆ, ಹಾಗಾಗಿ 5 ಇಂಚಿನ ಹಿಂಜ್ ನಾಲ್ಕು ಬೇಕೇ ಬೇಕು. ನಿಮ್ಮದು ಟೊಳ್ಳು ಫ್ಲಶ್ ಡೋರ್ ಆದರೆ ಸ್ಕ್ರೂ ಹಿಡಿಯುವುದಿಲ್ಲ, 35 ಎಂಎಂ ಸಾಲಿಡ್ ಕೋರ್ ಬಾಗಿಲನ್ನೇ ತನ್ನಿ. ಮೈಸೂರು ರಸ್ತೆ ಟಿಂಬರ್ ಯಾರ್ಡ್ ಕಡೆ ವಿಚಾರಿಸಿ. ಕಂಪನಿ ಹೆಸರು ನೋಡಬೇಡಿ, ಎತ್ತಿ ನೋಡಿ. ಭಾರ ಇದ್ದದ್ದೇ ಒಳ್ಳೆಯದು.

ಮುಖ್ಯವಾದದ್ದು ಹೊಸ್ತಿಲು. ಈಗಿನ ಮನೆಗಳಲ್ಲಿ ರೂಮುಗಳಿಗೆ ಹೊಸ್ತಿಲೇ ಇಡುವುದಿಲ್ಲ ಅಲ್ವಾ, ಸದ್ದು ಸೋರುವುದು ಅಲ್ಲೇ. ಒಂದೂವರೆ ಇಂಚು ಎತ್ತರದ ಮರದ ಪಟ್ಟಿಯನ್ನು ನೆಲಕ್ಕೆ ಸಿಲಿಕೋನ್‌ನಿಂದ ಕೂರಿಸಿ, ಬಾಗಿಲಿನ ಕೆಳ ಅಂಚು ಅದಕ್ಕೆ ಬಂದು ಒತ್ತಬೇಕು. ನಾಲ್ಕೂ ಕಡೆ ಗ್ಯಾಸ್ಕೆಟ್ (ಸಂದು ಮುಚ್ಚುವ ಮೆತ್ತನೆ ಪಟ್ಟಿ) ಬೇಕು. ಕಪ್ಪು ಸ್ಪಂಜ್ ಟೇಪ್ ಹಾಕಬೇಡಿ, ಆರು ತಿಂಗಳಿಗೆ ಚಪ್ಪಟೆಯಾಗಿ ಅಲ್ಲೇ ಉಳಿಯುತ್ತದೆ. ನಾನು ಜೆಸಿ ರಸ್ತೆಯಲ್ಲಿ ಕಾರಿನ ಬಾಗಿಲಿಗೆ ಹಾಕುವ ಇಪಿಡಿಎಂ ರಬ್ಬರ್ ಬೀಡಿಂಗ್ ತಂದೆ. ಇವತ್ತಿಗೂ ಮೆತ್ತಗಿದೆ. ಚಿಲಕ ಬಾಗಿಲನ್ನು ಎಳೆದು ಒತ್ತುವಂಥದ್ದಿರಲಿ, ಆದರೆ ಒಳಗಿನಿಂದ ಒಂದೇ ಕೈಯಲ್ಲಿ ತೆರೆಯುವ ಹಾಗಿರಬೇಕು. ಇದರಲ್ಲಿ ರಾಜಿ ಬೇಡ.

ಇದಾದ ಮೇಲೆ ಅಜ್ಜಿಗೆ ಕೊಳಲು, ಹಾಡು ಕೇಳುವುದು ಬಹುತೇಕ ನಿಂತಿತು. ತಬಲಾದ ಡಗ್ಗ (ದಪ್ಪ ದನಿಯ ಎಡಗೈ ಭಾಗ) ಮಾತ್ರ ಕೇಳುತ್ತಿತ್ತು.

ಅದಕ್ಕೆ ಕಾರಣ ನೆಲ. ನೆಲಕ್ಕೆ ತಾಗುವ ಪೆಟ್ಟು ಸ್ಲಾಬ್, ಗೋಡೆ ಹಿಡಿದು ಹೋಗುತ್ತದೆ, ಗಾಳಿಯಲ್ಲಿ ಅಲ್ಲ. 18 ಎಂಎಂ ಪ್ಲೈ ಎರಡು ಪದರ ಅಂಟಿಸಿ ಒಂದು ಹಲಗೆ ಮಾಡಿ. ಅದರ ಕೆಳಗೆ ಇನ್ನೊಂದು ಪ್ಲೈ, ಅದರಲ್ಲಿ ಚೆಂಡಿಗಿಂತ ಚಿಕ್ಕ ತೂತುಗಳು, ತೂತುಗಳಲ್ಲಿ ಟೆನಿಸ್ ಬಾಲ್. ಮೇಲಿನ ಹಲಗೆ ಚೆಂಡುಗಳ ಮೇಲೆ ಮಾತ್ರ ಕೂರಬೇಕು, ಗೋಡೆಗೆ ತಾಗಬಾರದು. ಮೇಲೆ ಜಮಖಾನ ಹಾಸಿ ತಬಲಾದವರನ್ನು ಕೂರಿಸಿ. ನಿಮ್ಮ ಬೇಸ್ ಆಂಪ್‌ಗೂ ಅಂಥದ್ದೇ ಒಂದು ಚಿಕ್ಕದು ಬೇಕು. ಆದರೂ ಬೇಸ್ ಪೂರ್ತಿ ನಿಲ್ಲುತ್ತದೆ ಅಂತ ನಂಬಬೇಡಿ, ಆಂಪ್ ದನಿಯನ್ನೂ ತಗ್ಗಿಸಲೇಬೇಕು.

ಕಿಟಕಿ ಸ್ಲೈಡಿಂಗ್ ಅಲ್ಯೂಮಿನಿಯಂ ಆದರೆ ಟ್ರ್ಯಾಕ್‌ನಲ್ಲೇ ಸೋರುತ್ತದೆ. ಒಳಗಡೆ 4 ಇಂಚು ಬಿಟ್ಟು 10 ಎಂಎಂ ಗಾಜಿನ ಇನ್ನೊಂದು ಕಿಟಕಿ ಹಾಕಿಸಬಹುದು, ಲ್ಯಾಮಿನೇಟೆಡ್ (ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಅಂಟಿಸಿದ ಜೋಡಿ ಗಾಜು) ಆದರೆ ಇನ್ನೂ ಒಳ್ಳೆಯದು. ಬಾಡಿಗೆ ಮನೆಯಾದರೆ ಕಿಟಕಿ ಗೂಡಿಗೆ ಸರಿಯಾಗಿ ಕೂರುವ ಪ್ಲೈ ಮುಚ್ಚಳ, ಸುತ್ತ ಅದೇ ರಬ್ಬರ್.

ಗೋಡೆ 6 ಇಂಚಿನ ಸಾಲಿಡ್ ಬ್ಲಾಕ್ ಆಗಿದ್ದು ಎರಡೂ ಕಡೆ ಪ್ಲಾಸ್ಟರ್ ಇದ್ದರೆ ಸದ್ಯಕ್ಕೆ ಮುಟ್ಟಬೇಡಿ. ಕೊನೆಗೂ ಬೇಕೆನಿಸಿದರೆ ಪಕ್ಕದ ಮನೆ ಕಡೆಯ ಗೋಡೆಗೆ ಮಾತ್ರ: ಗೋಡೆಯಿಂದ ಒಂದು ಇಂಚು ಬಿಟ್ಟು ಫ್ರೇಮು, 48 ಡೆನ್ಸಿಟಿಯ (ಘನ ಮೀಟರಿಗೆ 48 ಕೆಜಿ) 50 ಎಂಎಂ ರಾಕ್‌ವೂಲ್ (ಕಲ್ಲಿನ ನಾರಿನ ಹಾಸು), ಮೇಲೆ 12.5 ಎಂಎಂ ಜಿಪ್ಸಮ್ ಬೋರ್ಡ್ ಎರಡು ಪದರ, ಜಾಯಿಂಟು ಒಂದರ ಮೇಲೊಂದು ಬರದಂತೆ. ಬರೀ ಒಂದು ಪದರ ಸಾಕು ಅನ್ನುವ ಕಂಟ್ರಾಕ್ಟರ್ ಮಾತು ಕೇಳಬೇಡಿ. ರಾಕ್‌ವೂಲ್ ಮುಟ್ಟುವಾಗ ಮಾಸ್ಕ್, ಗ್ಲೌಸ್, ತುಂಬು ತೋಳಿನ ಅಂಗಿ. ಮೈಯೆಲ್ಲ ತುರಿಸುತ್ತದೆ.

ಇಷ್ಟು ಮುಚ್ಚಿದ ಮೇಲೆ ಗಾಳಿ ಬೇಕಲ್ಲ. ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ, ಇದ್ದದ್ದನ್ನೇ ತಿರುಗಿಸುತ್ತದೆ. ಆರು ಜನ ಒಂದು ಗಂಟೆ ಕೂತರೆ ತಲೆ ಭಾರ. ಗಾಳಿ ಹೋದರೂ ಸದ್ದು ಹೋಗದ ಹಾಗೆ, ಒಳಗೆ ಹಾವಿನಂತೆ ತಿರುವುಗಳಿರುವ ಪ್ಲೈ ಡಬ್ಬ ಮಾಡಿಸಿ, ಡಬ್ಬದ ಒಳಮೈಗೆ ಬಟ್ಟೆ ಸುತ್ತಿದ ರಾಕ್‌ವೂಲ್ ಹಾಕಿ, ಹೊರತುದಿಗೆ ಚಿಕ್ಕ ಎಕ್ಸಾಸ್ಟ್ ಫ್ಯಾನ್. ಗಾಳಿ ಒಳಗೆ ಬರೋದಕ್ಕೆ ಎದುರು ಗೋಡೆಯಲ್ಲಿ ಇಂಥದ್ದೇ ಇನ್ನೊಂದು.

ಕಾನೂನಿನ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬಲ್. ಫೋನಿನ ಆ್ಯಪ್ ತೋರಿಸುವ ಅಂಕಿ ನಂಬಬೇಡಿ, ಆದರೆ ಕೆಲಸಕ್ಕೆ ಮೊದಲು ಮತ್ತು ಆಮೇಲೆ ಅದೇ ಜಾಗದಲ್ಲಿ ಹೋಲಿಸಿ ನೋಡಲು ಸಾಕು. ಪಕ್ಕದ ಮನೆಯವರ ಅನುಮತಿ ಕೇಳಿ ಅವರ ರೂಮಿನಲ್ಲೇ ನಿಂತು ನೋಡಿ.

ಇವತ್ತು ರಾತ್ರಿಯೇ ಊದುಬತ್ತಿ ಹಿಡಿಯಿರಿ. ಬಾಗಿಲ ಕೆಳಗೆ ಸ್ಕೇಲ್ ಇಟ್ಟು ಒಂದು ಫೋಟೋ ಹಾಕಿ, ಬಡಗಿಗೆ ಕೊಡಬೇಕಾದ ಹೊಸ್ತಿಲಿನ ಅಳತೆ ಬರೆದುಕೊಡುತ್ತೇನೆ.