ಮಧ್ಯಾಹ್ನ ಮೂರಕ್ಕೆ ದೀಪ ಹಚ್ಚುವ ಊರು

"ಅಕ್ಕಾ, ಸ್ಟಾಕ್‌ಹೋಮ್‌ನಲ್ಲಿ ಕೆಲಸ ಸಿಕ್ಕಿದೆ. ಅಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲಾಗುತ್ತಂತೆ, ನಿಜವಾ? ಹೆಂಡತಿ, ನಾಲ್ಕು ವರ್ಷದ ಮಗಳು ಜೊತೆಗೆ ಬರ್ತಾರೆ. ಕಂಪನಿಯವರು ಅಕ್ಟೋಬರಿಗೆ ಬನ್ನಿ, ಆಗದಿದ್ದರೆ ಜನವರಿಗೆ ಬನ್ನಿ ಅಂತಾರೆ. ಯಾವುದು ವಾಸಿ?" ಎಂದು ಕೇಳಿದ್ದೀರಿ.

ನಿಜ. ಡಿಸೆಂಬರ್ ನಡುವಿನಲ್ಲಿ ಮೂರು ಗಂಟೆಗೆ ಇನ್ನೂ ಹತ್ತು ಹನ್ನೆರಡು ನಿಮಿಷ ಇರುವಾಗಲೇ ಸೂರ್ಯ ಮುಳುಗುತ್ತಾನೆ. ಬೆಳಿಗ್ಗೆ ಕಾಣಿಸಿಕೊಳ್ಳುವುದು ಎಂಟೂಮುಕ್ಕಾಲಕ್ಕೆ. ಇಡೀ ದಿನಕ್ಕೆ ಆರು ಗಂಟೆ ಹಗಲು, ಅಷ್ಟೇ. ಸೂರ್ಯ ಹುಟ್ಟುವುದೇ ಇಲ್ಲ ಎಂದು ಯಾರಾದರೂ ಹೆದರಿಸಿದ್ದರೆ ಅದು ನಮ್ಮ ಊರಲ್ಲ. ಅದು ಸ್ವೀಡನ್ನಿನ ತೀರಾ ಉತ್ತರದ ಕಿರುನಾ ಊರಿನ ಕಡೆ. ಇಲ್ಲಿ ದಿನಾ ಹುಟ್ಟುತ್ತಾನೆ, ಮೋಡ ಬಿಟ್ಟರೆ ಕಾಣಿಸುತ್ತಾನೆ.

ನಾನು ಬಂದು ಹನ್ನೊಂದು ವರ್ಷ ಆಯಿತು. ನನ್ನನ್ನು ಕೇಳಿದರೆ ಡಿಸೆಂಬರಿಗೆ ಹೆದರಬೇಡಿ. ಹೆದರಬೇಕಾದ್ದು ನವೆಂಬರಿಗೆ.

ಯಾಕೆ ಅಂತ ಹೇಳುತ್ತೇನೆ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಒಂದೂವರೆ ಗಂಟೆ ವ್ಯತ್ಯಾಸ. ದಿನದಿಂದ ದಿನಕ್ಕೆ ಹೆಚ್ಚೆಂದರೆ ಮುಕ್ಕಾಲು ನಿಮಿಷ ಹೆಚ್ಚು ಕಮ್ಮಿ. ಅದು ನಮ್ಮ ಗಮನಕ್ಕೇ ಬರುವುದಿಲ್ಲ. ಇಲ್ಲಿ ಸೆಪ್ಟೆಂಬರ್ ಕೊನೆಯಲ್ಲಿ ದಿನಕ್ಕೆ ಐದೂವರೆ ನಿಮಿಷ ಹಗಲು ಕಡಿಮೆಯಾಗುತ್ತದೆ. ವಾರಕ್ಕೆ ಹತ್ತಿರ ಹತ್ತಿರ ನಲವತ್ತು ನಿಮಿಷ! ಅದು ಸಾಲದು ಎಂಬಂತೆ ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಶನಿವಾರ ಐದು ದಾಟಿದ ಮೇಲೆ ಮುಳುಗಿದ ಸೂರ್ಯ ಮರುದಿನ ನಾಲ್ಕು ದಾಟುತ್ತಿದ್ದಂತೆ ಹೊರಟುಹೋಗುತ್ತಾನೆ. ಆಮೇಲೆ ನವೆಂಬರ್. ಮಳೆ, ಮೋಡ, ಒದ್ದೆ ರಸ್ತೆ. ಹಿಮವೂ ಸರಿಯಾಗಿ ಬಿದ್ದಿರುವುದಿಲ್ಲ. ಹಿಮ ಬಿದ್ದರೆ ಬೀದಿದೀಪದ ಬೆಳಕೇ ಅದರ ಮೇಲೆ ಬಿದ್ದು ಊರೆಲ್ಲ ಬೆಳ್ಳಗೆ ಕಾಣುತ್ತದೆ. ಹಿಮ ಇಲ್ಲದ ಕತ್ತಲು ಮಾತ್ರ ಮಸಿ ಹಿಡಿದ ಪಾತ್ರೆಯ ಹಾಗೆ.

ಡಿಸೆಂಬರ್ ಬಂತು ಅಂದರೆ ಊರಿನ ವರಸೆಯೇ ಬೇರೆ. ಕ್ರಿಸ್‌ಮಸ್‌ಗೆ ನಾಲ್ಕು ಭಾನುವಾರ ಮುಂಚೆಯೇ ಕಿಟಕಿ ಕಿಟಕಿಗೆ ಕಾಗದದ ನಕ್ಷತ್ರದೊಳಗೆ ಬಲ್ಬು, ಅದರ ಪಕ್ಕ ಏಳು ದೀಪದ ಸ್ಟ್ಯಾಂಡು. ನೋಡಿದರೆ ನಮ್ಮ ಆಕಾಶಬುಟ್ಟಿಯೇ ನೆನಪಾಗುತ್ತದೆ. ನಾನು ದೀಪಾವಳಿಗೆ ಹಾಕಿದ ಆಕಾಶಬುಟ್ಟಿಯನ್ನು ಇಳಿಸುವುದೇ ಇಲ್ಲ, ಜನವರಿವರೆಗೂ ಅಲ್ಲೇ ಇರುತ್ತದೆ. ಯಾರೂ ಏನೂ ಅಂದುಕೊಳ್ಳುವುದಿಲ್ಲ. 13ನೇ ತಾರೀಕು ಲೂಸಿಯಾ ಹಬ್ಬ. ಬಿಳಿ ಬಟ್ಟೆ ಹಾಕಿ, ತಲೆ ಮೇಲೆ ದೀಪದ ಕಿರೀಟ ಇಟ್ಟುಕೊಂಡು ಮಕ್ಕಳು ಹಾಡುತ್ತಾರೆ. ಕೇಸರಿ ಹಾಕಿದ ಬನ್ನು ಕೊಡುತ್ತಾರೆ. ನಿಮ್ಮ ಮಗಳು ಇದಕ್ಕೆ ಮನಸೋಲದಿದ್ದರೆ ಹೇಳಿ.

ನನ್ನ ಮೊದಲ ಚಳಿಗಾಲ ಮಾತ್ರ ಹಾಳಾಗಿ ಹೋಯಿತು, ನನ್ನದೇ ತಪ್ಪು. ಕತ್ತಲಲ್ಲಿ ಆಫೀಸಿಗೆ ಹೋಗುವುದು, ಡಬ್ಬಿ ಬಿಸಿ ಮಾಡಿಕೊಂಡು ಒಳಗೇ ಊಟ, ಕತ್ತಲಲ್ಲಿ ವಾಪಸು. ಒಂದು ಗುರುವಾರ ಯೋಚಿಸಿದರೆ ಸೋಮವಾರದಿಂದ ಬಿಸಿಲನ್ನೇ ನೋಡಿರಲಿಲ್ಲ. ಶನಿವಾರ ಮೂರು ಗಂಟೆಗೆ ಹೊದ್ದು ಮಲಗಿದ್ದಾಗ ಮೈಸೂರಿಂದ ಅಮ್ಮನ ಫೋನು.

"ದೀಪ ಹಚ್ಚೋ ಹೊತ್ತಲ್ಲಿ ಮಲಗಿದೀಯೇನೇ?"

"ಇಲ್ಲಿ ಮೂರು ಗಂಟೆ ಅಮ್ಮಾ, ಮಧ್ಯಾಹ್ನ."

"ಸೂರ್ಯ ಮುಳುಗಿದನೋ ಇಲ್ವೋ?"

"ಮುಳುಗಿದ."

"ಮತ್ತೆ? ಎದ್ದು ಮುಖ ತೊಳೆದು ದೀಪ ಹಚ್ಚು."

ವಾದ ಮಾಡಲು ಏನೂ ಉಳಿದಿರಲಿಲ್ಲ. ಎದ್ದು ಹಚ್ಚಿದೆ. ಅವತ್ತಿನಿಂದ ಚಳಿಗಾಲದಲ್ಲಿ ಮೂರಕ್ಕೆ ಮಲಗಿಲ್ಲ. ಮಲಗಿದರೆ ರಾತ್ರಿ ಎರಡಕ್ಕೆ ಕಣ್ಣು ಬಿಟ್ಟುಕೊಂಡು ಕೂರಬೇಕಾಗುತ್ತದೆ, ಮರುದಿನವೂ ಅದೇ ಕಥೆ.

ಇನ್ನೊಂದು, ಹನ್ನೆರಡು ಗಂಟೆಗೆ ಜಾಕೆಟ್ ಹಾಕಿಕೊಂಡು ಅರ್ಧ ಗಂಟೆ ಹೊರಗೆ ನಡೆಯಿರಿ. ಮೋಡ ಇದ್ದರೂ ಸರಿ, ಆಫೀಸಿನ ಟ್ಯೂಬ್‌ಲೈಟಿಗಿಂತ ಆ ಬೆಳಕು ಎಷ್ಟೋ ಜಾಸ್ತಿ. ಮೀಟಿಂಗ್ ಇದ್ದರೆ ಮುಂದಕ್ಕೆ ಹಾಕಿ. ಇಲ್ಲಿಯವರಿಗೆ ಅದು ಅರ್ಥವಾಗುತ್ತದೆ.

ಮನೆ ಹುಡುಕುವಾಗ ವಾಸ್ತುವನ್ನು ಊರಲ್ಲೇ ಬಿಟ್ಟು ಬನ್ನಿ. ನಮ್ಮಲ್ಲಿ ದಕ್ಷಿಣದ ಬಾಗಿಲು ಅಂದರೆ ಮುಖ ಸಿಂಡರಿಸುತ್ತಾರೆ. ಇಲ್ಲಿ ದಕ್ಷಿಣಕ್ಕೆ ಕಿಟಕಿ ಇದ್ದರೆ ಅದೇ ಭಾಗ್ಯ. ಡಿಸೆಂಬರಿನ ನಡುಮಧ್ಯಾಹ್ನವೂ ಸೂರ್ಯ ಏಳು ಡಿಗ್ರಿಗಿಂತ ಹೆಚ್ಚು ಮೇಲೇಳುವುದಿಲ್ಲ, ದಕ್ಷಿಣದಲ್ಲೇ ತೆವಳಿ ಹೋಗುತ್ತಾನೆ. ಆಗ ಹತ್ತು ಮೀಟರ್ ಎತ್ತರದ ಕಟ್ಟಡದ ನೆರಳು 75 ಮೀಟರಿಗೂ ಉದ್ದ ಚಾಚಿಕೊಳ್ಳುತ್ತದೆ. ಹಾಗಾಗಿ ಎದುರಿಗೆ ಕಟ್ಟಡ ಇದ್ದರೆ ಕೆಳಗಿನ ಮಹಡಿ ಬೇಡ. ಬೇಸಿಗೆಯಲ್ಲಿ ನೋಡಿ ಮೆಚ್ಚಿದ ಮನೆ ಚಳಿಗಾಲದಲ್ಲಿ ಗುಹೆಯಾಗುತ್ತದೆ. ನಮ್ಮದು ಹಾಗೇ ಆಯಿತು, ಎರಡನೇ ವರ್ಷ ಬಿಟ್ಟೆವು.

ವಿಟಮಿನ್ ಡಿ ವಿಷಯ ಸದರ ಮಾಡಬೇಡಿ. ಚಳಿಗಾಲದ ಈ ತಗ್ಗಿನ ಬಿಸಿಲಿನಲ್ಲಿ ಚರ್ಮ ಅದನ್ನು ತಯಾರಿಸುವುದಿಲ್ಲ, ನಮ್ಮ ಕಂದು ಚರ್ಮಕ್ಕೆ ಬೇಸಿಗೆಯಲ್ಲೂ ಹೆಚ್ಚು ಹೊತ್ತು ಬೇಕು. ಇಲ್ಲಿ ಹಾಲಿಗೆ ಸೇರಿಸಿರುತ್ತಾರೆ. ಆದರೂ ಮಗಳ ವಿಷಯ ಮಕ್ಕಳ ಆರೋಗ್ಯ ಕೇಂದ್ರದ ನರ್ಸ್‌ ಹತ್ತಿರ ಮೊದಲ ಭೇಟಿಯಲ್ಲೇ ಕೇಳಿಬಿಡಿ. ಹಾಗೆಯೇ ಎಲ್ಲರ ಜಾಕೆಟ್ಟಿಗೂ ರಿಫ್ಲೆಕ್ಸ್, ಅಂದರೆ ಬೆಳಕಿಗೆ ಮಿನುಗುವ ಬಿಲ್ಲೆ, ನೇತು ಹಾಕಿ. ಕಪ್ಪು ಜಾಕೆಟ್ ಹಾಕಿಕೊಂಡು ರಸ್ತೆ ದಾಟುವವರು ಕಾರಿನವರಿಗೆ ಕಾಣುವುದೇ ಇಲ್ಲ.

ಬೇಸಿಗೆಯ ಬಗ್ಗೆ ನೀವು ಕೇಳಿಲ್ಲ. ಯಾರೂ ಕೇಳುವುದಿಲ್ಲ, ಅಲ್ವಾ? ಜೂನ್‌ನಲ್ಲಿ ಸೂರ್ಯ ಮೂರೂವರೆಗೆ ಹುಟ್ಟಿ, ರಾತ್ರಿ ಹತ್ತು ದಾಟಿದ ಮೇಲೆ ಮುಳುಗುತ್ತಾನೆ. ನಡುವೆಯೂ ಪೂರ್ತಿ ಕತ್ತಲಾಗುವುದಿಲ್ಲ. ಸುಡುತ್ತದೆ ಅಂದುಕೊಳ್ಳಬೇಡಿ. ಆಗಿನ ನಡುಮಧ್ಯಾಹ್ನದ ಸೂರ್ಯ ಬೆಂಗಳೂರಿನ ಡಿಸೆಂಬರ್ ಸೂರ್ಯನಷ್ಟೇ ಎತ್ತರ. ಆದರೆ ನಿದ್ದೆ ಕೆಡುತ್ತದೆ. ಒಂದು ದಿನ ಕಿಟಕಿ ತುಂಬ ಬಿಸಿಲು ನೋಡಿ ಗಾಬರಿಯಾಗಿ ಎದ್ದು ಚಿತ್ರಾನ್ನ ಕಲಸಿ ಎಲ್ಲರಿಗೂ ಡಬ್ಬಿ ಕಟ್ಟಿದೆ. ಆಮೇಲೆ ಗಡಿಯಾರ ನೋಡಿದರೆ ಐದಕ್ಕೆ ಹತ್ತು ನಿಮಿಷ ಇತ್ತು. "ಇನ್ನೂ ಹಗಲಿದೆ, ಯಾಕೆ ಮಲಗಬೇಕು?" ಎಂದು ನಿಮ್ಮ ಮಗಳು ಕೇಳಿಯೇ ಕೇಳುತ್ತಾಳೆ. ಆ ಪ್ರಶ್ನೆಗೆ ಉತ್ತರ ಇಲ್ಲ, ದಪ್ಪ ಕಪ್ಪು ಪರದೆ ಇದೆ. ಮೇ ತಿಂಗಳಲ್ಲೇ ಹಾಕಿಸಿ.

ಈಗ ನಿಮ್ಮ ಪ್ರಶ್ನೆ. ಜನವರಿಗೆ ಬನ್ನಿ. ಚಳಿ ಜಾಸ್ತಿ, ಅದು ನಿಜ. ಚಳಿಗೆ ಬಟ್ಟೆ ಇದೆ. ಅಕ್ಟೋಬರಿಗೆ ಬಂದರೆ ಮೊದಲ ಎರಡೂವರೆ ತಿಂಗಳು ಬೆಳಕು ಕೈಜಾರುವುದನ್ನೇ ನೋಡುತ್ತಾ ಕೂರಬೇಕು. ಗೊತ್ತಿರುವ ಒಂದು ಜೀವವೂ ಇಲ್ಲದ ಊರಲ್ಲಿ ಅದು ಕಷ್ಟ. ಸಂಕ್ರಾಂತಿ ಹೊತ್ತಿಗೆ ಬಂದರೆ ಆಗಲೇ ಹಗಲು ನಲವತ್ತು ನಿಮಿಷ ಬೆಳೆದಿರುತ್ತದೆ, ತಿಂಗಳ ಕೊನೆಗೆ ಸೂರ್ಯ ನಾಲ್ಕರವರೆಗೂ ಇರುತ್ತಾನೆ. ಮಾರ್ಚ್‌ನಲ್ಲಿ ಹೋಟೋರ್ಯೆಟ್ ಚೌಕದ ನೀಲಿ ಕನ್ಸರ್ಟ್ ಹಾಲ್ ಮೆಟ್ಟಿಲ ಮೇಲೆ ಇಲ್ಲಿಯವರು ಕಣ್ಣು ಮುಚ್ಚಿ ಬಿಸಿಲು ಕಾಯಿಸುತ್ತಾ ಕೂತಿರುತ್ತಾರೆ. ನೀವೂ ಹೋಗಿ ಕೂರಿ.

ಬರುವಾಗ ಎರಡು ಆಕಾಶಬುಟ್ಟಿ ತನ್ನಿ, ಮಡಚುವಂಥದ್ದು. ಒಂದು ನಿಮಗೆ, ಒಂದು ನನಗೆ. ನನ್ನದು ಹೋದ ವರ್ಷವೇ ಹರಿದಿದೆ.